ಪರೀಕ್ಷೆಗೆ ಒಂದು ಪದ: ಕುಂದುರ್ಪಿ

ಒಂದು ಯಂತ್ರ ಇನ್ನೊಂದು ಯಂತ್ರದೊಡನೆ ಮಾತನಾಡಬಲ್ಲುದೇ ಎಂದು ಪರೀಕ್ಷಿಸುವವರು ಮೊದಲು ಕಳಿಸುವ ಮಾತು ಸಾಮಾನ್ಯವಾಗಿ ಇಂಗ್ಲಿಷಿನದಾಗಿರುತ್ತದೆ. ‘ಹಲೋ ವರ್ಲ್ಡ್’ ಎಂದೋ ‘ಟೆಸ್ಟ್’ ಎಂದೋ ಕಳಿಸುತ್ತಾರೆ. ಕಳಿಸಿದ್ದು ಕಳಿಸಿದಂತೆಯೇ ಮರಳಿ ಬಂದರೆ ಬೋರ್ಡು ಉತ್ತೀರ್ಣವಾಯಿತೆಂದು ಬರೆದುಕೊಳ್ಳುತ್ತಾರೆ. ಎಂಜಿನಿಯರಿಂಗ್ ಪ್ರಯೋಗಾಲಯಗಳಲ್ಲಿ ದಿನನಿತ್ಯ ನಡೆಯುವ ಈ ಪರೀಕ್ಷೆಗೂ ಕನ್ನಡ ವಿಭಾಗಕ್ಕೂ ಯಾವ ಸಂಬಂಧವೂ ಇಲ್ಲವೆಂಬುದು ಎರಡೂ ಕಡೆಯವರ ನಂಬಿಕೆ. ಆ ನಂಬಿಕೆ ತಪ್ಪು. ಕನ್ನಡ ಓದುವ ಜನರ ನಡುವೆ ನಿಲ್ಲಬೇಕಾದ ಸಾಧನವು ಕನ್ನಡದ ಒಂದು ಪಾಠವನ್ನು ತಂತಿಯ ಮೇಲೆ ಸಾಗಿಸಿ, ಅತ್ತ ಕಡೆ ಅಕ್ಷರಶಃ ತೋರಿಸುವವರೆಗೆ ಅದರ ಪರೀಕ್ಷೆ ಮುಗಿದಿಲ್ಲ. ಆ ಪಾಠವನ್ನು ಕಟ್ಟಿಕೊಡಬಲ್ಲವರು ವ್ಯಾಕರಣ, ಛಂದಸ್ಸು, ಲಿಪಿ, ಗ್ರಂಥಸಂಪಾದನೆಗಳನ್ನು ಓದುತ್ತಿರುವ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳೇ ಹೊರತು ಬೇರೆಯವರಲ್ಲ.

ಮಾತು ಬರಿಯ ತತ್ತ್ವವಾಗಿ ಉಳಿಯಬಾರದೆಂದರೆ ಅದಕ್ಕೊಂದು ಊರು ಬೇಕು. ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯಲ್ಲಿ ಕಲ್ಯಾಣದುರ್ಗದ ಭಾಗಕ್ಕೆ ಸೇರಿದ ಮಂಡಲ ಕೇಂದ್ರ ಕುಂದುರ್ಪಿ. ಬೆಟ್ಟದ ಮೇಲಿನ ದುರ್ಗದಿಂದ ಹೆಸರಾದ ಊರಿದು. ಉತ್ತರಕ್ಕೆ ಕಲ್ಯಾಣದುರ್ಗವಿದೆ, ಆಗ್ನೇಯಕ್ಕೆ ದೂರದಲ್ಲಿ ಹಿಂದೂಪುರವಿದೆ, ಕರ್ನಾಟಕದ ಪಾವಗಡ ತಾಲೂಕು ನೆರೆಯಲ್ಲೇ ಇದೆ. ಅನಂತಪುರ 1882ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ಜಿಲ್ಲೆಯಾಯಿತು. 1953ರಲ್ಲಿ ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಮೈಸೂರಿಗೆ ಸೇರಿತು, ರಾಯದುರ್ಗ ಆಂಧ್ರದಲ್ಲಿ ಉಳಿಯಿತು. ಗಡಿಗೆರೆ ನಕಾಶೆಯ ಮೇಲೆ ಬಿದ್ದರೂ ಮನೆಮಾತು ಆ ಗೆರೆಯನ್ನು ಅನುಸರಿಸಲಿಲ್ಲ. ಸಂತೆಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ ಎಂಬುದು ಈ ಸೀಮೆಯ ಎಷ್ಟೋ ಕುಟುಂಬಗಳ ಬದುಕು. ಮಳೆ ಕಡಮೆ, ಶೇಂಗಾ ಮುಖ್ಯ ಬೆಳೆ. ಇಂತಹ ಊರಿನ ಬಸ್ ನಿಲ್ದಾಣದಲ್ಲೋ ಪಂಚಾಯಿತಿ ಕಚೇರಿಯ ಗೋಡೆಯ ಮೇಲೋ ಮಳೆಯ ಮುನ್ಸೂಚನೆಯನ್ನೂ ಶೇಂಗಾ ಧಾರಣೆಯನ್ನೂ ತೋರಿಸುವ ಒಂದು ಫಲಕವನ್ನು ಕಟ್ಟಬೇಕೆಂದು ಒಬ್ಬ ವಿದ್ಯಾರ್ಥಿ ಹೊರಟಿದ್ದಾನೆಂದು ಭಾವಿಸೋಣ. ಅವನು ಮೊದಲು ತರುವ ವಸ್ತು ಅಂಗೈಯಗಲದ ಒಂದು ಡೆವಲಪ್‌ಮೆಂಟ್ ಬೋರ್ಡು. ಅದರಲ್ಲಿ ಸಂಸ್ಕಾರಕವಿದೆ, ಅಷ್ಟಿಷ್ಟು ಮೆಮೊರಿಯಿದೆ, ಒಂದು ಮೂಲೆಯಲ್ಲಿ ಈಥರ್ನೆಟ್ ಕೇಬಲ್ ಸಿಕ್ಕಿಸುವ ಗೂಡಿದೆ. ಫಲಕದ ಭವಿಷ್ಯವೆಲ್ಲ ಆ ಗೂಡಿನ ಮೂಲಕ ಬರುವ ಮಾತು ಸರಿಯಾಗಿ ಬರುತ್ತದೆಯೇ ಎಂಬುದರ ಮೇಲೆ ನಿಂತಿದೆ.

ಈಥರ್ನೆಟ್ ಎಂಬ ಹೆಸರಿನ ಹಿಂದೆ ಸಾಹಿತ್ಯದ ವಿದ್ಯಾರ್ಥಿಗೆ ರುಚಿಸುವ ಒಂದು ಸಂಗತಿಯಿದೆ. ಅಮೆರಿಕದ ಜೆರಾಕ್ಸ್ ಕಂಪನಿಯ ಸಂಶೋಧನ ಕೇಂದ್ರದಲ್ಲಿ 1973ರಲ್ಲಿ ರಾಬರ್ಟ್ ಮೆಟ್‌ಕಾಫ್ ಈ ವ್ಯವಸ್ಥೆಗೆ ಹೆಸರಿಟ್ಟಾಗ, ಬೆಳಕು ಸಾಗಲು ಜಗತ್ತನ್ನೆಲ್ಲ ತುಂಬಿಕೊಂಡಿದೆಯೆಂದು ಹಿಂದಿನ ಭೌತವಿಜ್ಞಾನಿಗಳು ಕಲ್ಪಿಸಿಕೊಂಡಿದ್ದ ‘ಈಥರ್’ ಎಂಬ ಮಾಧ್ಯಮವನ್ನು ನೆನೆದರು. ನಮ್ಮ ದರ್ಶನಗಳಲ್ಲಿ ಅದಕ್ಕೆ ಹತ್ತಿರವಾದ ಮಾತು ಆಕಾಶ; ಆಕಾಶದ ಗುಣ ಶಬ್ದವೆಂದು ನ್ಯಾಯ ವೈಶೇಷಿಕರು ಹೇಳಿದರು. ಶಬ್ದವನ್ನು ಹೊರುವ ಮಾಧ್ಯಮಕ್ಕೆ ಬಂದ ಹೆಸರು ಶಬ್ದವೇ ಗುಣವಾಗಿರುವ ಭೂತದ ನೆರೆಯಲ್ಲಿ ನಿಂತಿದೆ. ಹೋಲಿಕೆಯನ್ನು ಇದಕ್ಕಿಂತ ಎಳೆಯಬೇಕಾಗಿಲ್ಲ.

ಪರೀಕ್ಷೆ ಹಂತಹಂತವಾಗಿ ನಡೆಯುತ್ತದೆ. ಮೊದಲನೆಯದು ತಂತಿಯ ಹಂತ. ಕೇಬಲ್ ಸಿಕ್ಕಿಸಿದೊಡನೆ ಗೂಡಿನ ಪಕ್ಕದ ಪುಟ್ಟ ದೀಪ ಹೊತ್ತಬೇಕು. ಹೊತ್ತಿದರೆ ಎರಡು ತುದಿಗಳೂ ವೇಗದ ವಿಷಯದಲ್ಲಿ ಒಪ್ಪಂದಕ್ಕೆ ಬಂದಿವೆ ಎಂದರ್ಥ. ಎರಡನೆಯದು ಒಳಸುತ್ತಿನ ಪರೀಕ್ಷೆ. ಸಂಕೇತವನ್ನು ಹೊರಗೆ ಬಿಡದೆ ಚಿಪ್ಪಿನೊಳಗೇ ತಿರುಗಿಸಿ, ಕೊಟ್ಟದ್ದೇ ಬಂದಿತೇ ಎಂದು ನೋಡುತ್ತಾರೆ. ಮೂರನೆಯದು ವಿಳಾಸದ ಹಂತ. ಪ್ರತಿಯೊಂದು ಈಥರ್ನೆಟ್ ಸಾಧನಕ್ಕೂ 48 ಬಿಟ್ಟುಗಳ ಒಂದು ವಿಳಾಸವಿರುತ್ತದೆ. ‘ಈ ಸಂಖ್ಯೆಯವರು ಯಾರು?’ ಎಂದು ಗಣಕವು ಎಲ್ಲರನ್ನೂ ಕೂಗಿ ಕೇಳುತ್ತದೆ, ಬೋರ್ಡು ‘ನಾನು’ ಎಂದು ಉತ್ತರ ಕೊಡಬೇಕು. ನಾಲ್ಕನೆಯದು ಪಿಂಗ್. 1983ರಲ್ಲಿ ಮೈಕ್ ಮೂಸ್ ಎಂಬ ಅಮೆರಿಕನ್ ಗಣಕತಜ್ಞ ಬರೆದ ಈ ಚಿಕ್ಕ ಪ್ರೋಗ್ರಾಮು, ಜಲಾಂತರ್ಗಾಮಿಗಳು ನೀರಿನಲ್ಲಿ ಸದ್ದು ಬಿಟ್ಟು ಪ್ರತಿಧ್ವನಿಗೆ ಕಾಯುವ ಕ್ರಮದಿಂದ ತನ್ನ ಹೆಸರನ್ನು ಪಡೆಯಿತು. ಒಂದು ಕೂಗು, ಅದಕ್ಕೊಂದು ಮಾರ್ದನಿ. ವಿಂಡೋಸ್ ಗಣಕದ ಪಿಂಗ್ ಪ್ರತಿ ಕೂಗಿನಲ್ಲಿ 32 ಬೈಟ್‌ಗಳನ್ನು ಹೊರಿಸುತ್ತದೆ. ಅವುಗಳಲ್ಲಿ ತುಂಬಿರುವುದು ಇಂಗ್ಲಿಷ್ ವರ್ಣಮಾಲೆ: ‘ಎ’ಯಿಂದ ‘ಡಬ್ಲ್ಯು’ವರೆಗೆ 23 ಅಕ್ಷರಗಳು, ಮತ್ತೆ ‘ಎ’ಯಿಂದ ‘ಐ’ವರೆಗೆ 9 ಅಕ್ಷರಗಳು. ಐದನೆಯ ಹಂತದಲ್ಲಿ ಪರೀಕ್ಷಕನು ತನ್ನದೇ ಪಾಠವನ್ನು ಕಳಿಸಿ, ಬೋರ್ಡಿನಿಂದ ಮರಳಿ ಪಡೆದು, ಎರಡನ್ನೂ ಹೋಲಿಸುತ್ತಾನೆ. ಅಲ್ಲೂ ವಾಡಿಕೆಯಾಗಿ ಇಂಗ್ಲಿಷೇ ಹೋಗುತ್ತದೆ.

ತಂತಿಯ ಮೇಲೆ ಹೋಗುವಾಗ ಪಾಠ ಕೆಟ್ಟುಹೋದರೆ? ಈ ಪ್ರಶ್ನೆ ಕನ್ನಡದ ವಿದ್ಯಾರ್ಥಿಗೆ ಹೊಸದಲ್ಲ. ಓಲೆಯಿಂದ ಓಲೆಗೆ ಪ್ರತಿ ಮಾಡುವ ಲಿಪಿಕಾರ ಅಕ್ಷರ ಬಿಡುತ್ತಾನೆ, ಸೇರಿಸುತ್ತಾನೆ, ಒಂದರ ಬದಲು ಇನ್ನೊಂದನ್ನು ಬರೆಯುತ್ತಾನೆ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿದವರು ಇಂತಹ ಸ್ಖಾಲಿತ್ಯಗಳ ಬಗೆಗಳನ್ನು ಬಲ್ಲರು. ಪದ್ಯದಲ್ಲಿ ಅವುಗಳನ್ನು ಹಿಡಿಯಲು ಸಂಪಾದಕನಿಗೆ ನೆರವಾಗುವುದು ಛಂದಸ್ಸು. ಕಂದಪದ್ಯದ ಒಂದನೆಯ ಮತ್ತು ಮೂರನೆಯ ಸಾಲುಗಳಲ್ಲಿ 12 ಮಾತ್ರೆ, ಎರಡನೆಯ ಮತ್ತು ನಾಲ್ಕನೆಯ ಸಾಲುಗಳಲ್ಲಿ 20 ಮಾತ್ರೆ, ಒಟ್ಟು 64. ಕೇಶಿರಾಜ ತನ್ನ ಸೂತ್ರಗಳನ್ನು ಕಂದದಲ್ಲಿ ಕಟ್ಟಿದ್ದರಿಂದ, ಎಲ್ಲಿಯಾದರೂ ಒಂದು ಲಘು ಜಾರಿಹೋದರೆ ಎಣಿಕೆ ತಪ್ಪಿ ದೋಷ ಬಯಲಾಗುತ್ತದೆ.

ಈಥರ್ನೆಟ್ಟಿನಲ್ಲಿಯೂ ಮಾತು ಬಿಡಿಯಾಗಿ ಹರಿಯುವುದಿಲ್ಲ, ಫ್ರೇಮುಗಳಲ್ಲಿ ಸಾಗುತ್ತದೆ. ತಲುಪಬೇಕಾದವರ ವಿಳಾಸಕ್ಕೆ 6 ಬೈಟ್, ಕಳಿಸಿದವರ ವಿಳಾಸಕ್ಕೆ 6, ಒಳಗಿರುವುದು ಯಾವ ಜಾತಿಯ ಸರಕು ಎಂಬ ಸೂಚನೆಗೆ 2, ಸರಕಿಗೆ ಕನಿಷ್ಠ 46, ಕೊನೆಯಲ್ಲಿ ತಾಳೆ ನೋಡುವ ಸಂಖ್ಯೆಗೆ 4. ಅತಿ ಚಿಕ್ಕ ಫ್ರೇಮಿನ ಮೊತ್ತವೂ 64 ಆಗುವುದು ಕೇವಲ ಆಕಸ್ಮಿಕ. ಆದರೆ ಕೊನೆಯ ಆ 4 ಬೈಟ್‌ಗಳು ಮಾಡುವ ಕೆಲಸ ಮಾತ್ರ ಛಂದಸ್ಸಿನ ಕೆಲಸವೇ. ಕಳಿಸುವವನು ಇಡೀ ಫ್ರೇಮನ್ನು ಒಂದು ನಿಯಮದಂತೆ ಲೆಕ್ಕ ಹಾಕಿ ಬಂದ ಶೇಷವನ್ನು ಕೊನೆಯಲ್ಲಿ ಬರೆಯುತ್ತಾನೆ. ಪಡೆಯುವವನು ಅದೇ ಲೆಕ್ಕವನ್ನು ಮತ್ತೆ ಹಾಕುತ್ತಾನೆ. ಹೊಂದದಿದ್ದರೆ ಫ್ರೇಮನ್ನು ಎಸೆಯುತ್ತಾನೆ. ಛಂದಸ್ಸಿನಂತೆಯೇ ಇದೂ ತಪ್ಪು ಇದೆಯೆಂದು ಹೇಳುತ್ತದೆ, ಸರಿಯಾದ ಪಾಠ ಯಾವುದೆಂದು ಹೇಳುವುದಿಲ್ಲ. ಆದರೆ ಛಂದಸ್ಸಿಗಿಂತ ಇದರ ಕಣ್ಣು ಚುರುಕು. ಅಷ್ಟೇ ಮಾತ್ರೆಯ ಬೇರೆ ಅಕ್ಷರ ಬಂದು ಕುಳಿತರೆ, ಪ್ರಾಸಸ್ಥಾನದಲ್ಲಲ್ಲದಿದ್ದರೆ, ಕಂದ ಸುಮ್ಮನಿರುತ್ತದೆ. ಈ ಲೆಕ್ಕವಾದರೋ ಒಂದೇ ಒಂದು ಬಿಟ್ ತಿರುಗಿದರೂ ತಪ್ಪದೆ ಹಿಡಿಯುತ್ತದೆ.

ಆ ಒಂದು ಬಿಟ್ಟಿನ ಬೆಲೆ ಏನೆಂಬುದನ್ನು ಕುಂದುರ್ಪಿಯಂತಹ ಗಡಿಯೂರಿನಲ್ಲಿ ನಿಂತು ನೋಡಬೇಕು. ಭಾರತೀಯ ಲಿಪಿಗಳಿಗೆಲ್ಲ ಸಮಾನವಾದ ಇಸ್ಕಿ ಎಂಬ ಸಂಕೇತಕ್ರಮವನ್ನು ಆಧರಿಸಿ ಯೂನಿಕೋಡ್ 1991ರಲ್ಲಿ ನಮ್ಮ ಲಿಪಿಗಳಿಗೆ ಮನೆಗಳನ್ನು ಹಂಚಿತು. ಪ್ರತಿ ಲಿಪಿಗೂ 128 ಮನೆಗಳ ಒಂದೊಂದು ಬೀದಿ. ತೆಲುಗಿನ ಬೀದಿ 3072ರಲ್ಲಿ ಆರಂಭವಾಗುತ್ತದೆ, ಅದು ಮುಗಿದೊಡನೆ 3200ರಿಂದ ಕನ್ನಡದ ಬೀದಿ. ನೆಲದ ಮೇಲೆ ನೆರೆಯವರಾಗಿರುವಂತೆ ಪಟ್ಟಿಯಲ್ಲೂ ನೆರೆಯವರೇ. ಬೀದಿಯೊಳಗಿನ ಕ್ರಮವೂ ಬಹುಪಾಲು ಒಂದೇ ಆದುದರಿಂದ, ಕನ್ನಡದ ‘ಕ’ 3221, ತೆಲುಗಿನ ‘ಕ’ 3093. ವ್ಯತ್ಯಾಸ ಸರಿಯಾಗಿ 128. ಈ ಸಂಖ್ಯೆಗಳು ತಂತಿಯ ಮೇಲೆ ಸಾಗುವಾಗ ಯುಟಿಎಫ್-8 ಎಂಬ ಕ್ರಮದಲ್ಲಿ ಒಂದೊಂದೂ ಮೂರು ಬೈಟ್‌ಗಳಾಗುತ್ತವೆ. ಕನ್ನಡದ ‘ಕ’ 224, 178, 149 ಎಂದು ಸಾಗಿದರೆ ತೆಲುಗಿನ ‘ಕ’ 224, 176, 149 ಎಂದು ಸಾಗುತ್ತದೆ. 178ಕ್ಕೂ 176ಕ್ಕೂ ನಡುವೆ ಇರುವುದು ಒಂದೇ ಬಿಟ್ಟಿನ ಅಂತರ. ಮರಾಠಿಯನ್ನು ಬರೆಯುವ ದೇವನಾಗರಿಯ ‘ಕ’ 224, 164, 149. ಮೊದಲ ಮತ್ತು ಕೊನೆಯ ಬೈಟ್‌ಗಳು ಮೂವರಿಗೂ ಸಮಾನ. ನಡುವಿನದು ಮಾತ್ರ ಮನೆತನವನ್ನು ಹೇಳುತ್ತದೆ.

ಹಳಗನ್ನಡ ಕಾಲದಲ್ಲಿ ಕನ್ನಡಕ್ಕೂ ತೆಲುಗಿಗೂ ಒಂದೇ ಲಿಪಿಯಿತ್ತೆಂದು ಶಾಸನಗಳನ್ನು ಓದುವ ವಿದ್ಯಾರ್ಥಿಗಳಿಗೆ ತಿಳಿದಿದೆ. ಆ ಬಾಂಧವ್ಯ ಗಣಕದಲ್ಲಿ ಒಂದು ಬಿಟ್ಟಿನ ಅಂತರವಾಗಿ ಉಳಿದಿದೆ. ಇದರಿಂದ ಹೊರಡುವ ವ್ಯಾವಹಾರಿಕ ಅರ್ಥ ಮುಖ್ಯವಾದುದು. ತೆಲುಗಿನ ಪಾಠವನ್ನು ಸಂಗ್ರಹಿಸಿ ಸಾಗಿಸಬಲ್ಲ ಸಾಧನ ಕನ್ನಡದ ಪಾಠವನ್ನೂ ಅಷ್ಟೇ ಜಾಗದಲ್ಲಿ, ಅಷ್ಟೇ ವೇಗದಲ್ಲಿ ಸಾಗಿಸಬಲ್ಲುದು. ಗಡಿನಾಡಿನ ಫಲಕದಲ್ಲಿ ಎರಡೂ ಲಿಪಿಗಳಿಗೆ ಎಡೆ ಕೊಡಲು ತಂತಿಯ ಕಡೆಯಿಂದ ಯಾವ ಅಡ್ಡಿಯೂ ಇಲ್ಲ. ಅಡ್ಡಿ ಇರುವುದು ಬೇರೆ ಕಡೆ.

ತಾಳೆ ನೋಡುವ ಸಂಖ್ಯೆ ಕಾಯುವುದು ತಂತಿಯನ್ನು ಮಾತ್ರ. ಫ್ರೇಮು ಹೊರಡುವ ಮೊದಲೂ ತಲುಪಿದ ಮೇಲೂ ಪಾಠವು ಪ್ರೋಗ್ರಾಮಿನ ಕೈಯಲ್ಲಿರುತ್ತದೆ. ಕನ್ನಡ ಕೆಡುವುದು ಅಲ್ಲಿಯೇ. ತಪ್ಪಾಗಿ ಬರೆದ ಓಲೆಯನ್ನು ಎಷ್ಟು ಎಚ್ಚರದಿಂದ ಹೊತ್ತೊಯ್ದರೂ ತಪ್ಪು ತಿದ್ದುವುದಿಲ್ಲವಷ್ಟೆ. ‘ಕುಂದುರ್ಪಿ’ ಎಂಬ ಹೆಸರನ್ನೇ ಪರೀಕ್ಷೆಗೆ ಇಟ್ಟರೆ ಈ ಮಾತು ಸ್ಪಷ್ಟವಾಗುತ್ತದೆ.

ಇಂಗ್ಲಿಷಿನಲ್ಲಿ ಈ ಹೆಸರಿಗೆ 8 ಅಕ್ಷರ, 8 ಬೈಟ್. ಕನ್ನಡದಲ್ಲಿ ಕಣ್ಣಿಗೆ ಕಾಣುವುದು ಮೂರೇ ಅಕ್ಷರ: ಕುಂ, ದು, ರ್ಪಿ. ಗಣಕಕ್ಕೆ ಅವು ಒಂಬತ್ತು ಸಂಕೇತಗಳು: ಕಕಾರ, ಉಕಾರದ ಚಿಹ್ನೆ, ಅನುಸ್ವಾರ, ದಕಾರ, ಮತ್ತೆ ಉಕಾರದ ಚಿಹ್ನೆ, ರಕಾರ, ಅದರ ಸ್ವರವನ್ನು ಕಳೆಯುವ ಹಲಂತ, ಪಕಾರ, ಇಕಾರದ ಚಿಹ್ನೆ. ಒಂದಕ್ಕೆ ಮೂರರಂತೆ 27 ಬೈಟ್. ಊರಿನ ಹೆಸರಿಗೆ 20 ಬೈಟ್ ಸಾಕೆಂದು ಪ್ರೋಗ್ರಾಮು ಬರೆದವನು ಜಾಗ ಮೀಸಲಿಟ್ಟಿದ್ದರೆ ಇಂಗ್ಲಿಷಿನ ಪರೀಕ್ಷೆ ಸಲೀಸಾಗಿ ದಾಟುತ್ತದೆ. ಕನ್ನಡದಲ್ಲಿ ಮೊದಲ ಆರು ಸಂಕೇತಗಳಿಗೆ 18 ಬೈಟ್ ಮುಗಿದು, ಏಳನೆಯದಾದ ಹಲಂತದ ಮೂರರಲ್ಲಿ ಎರಡು ಬೈಟ್ ಮಾತ್ರ ಒಳಗೆ ಬರುತ್ತವೆ. ಫಲಕದ ಮೇಲೆ ‘ಕುಂದುರ’ ಎಂದು ಬಂದು, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕದ ಗುರುತೋ ಖಾಲಿ ಚೌಕವೋ ನಿಲ್ಲುತ್ತದೆ. ಪಿಂಗ್ ಮಾತ್ರ ಎಲ್ಲವೂ ಸರಿಯಾಗಿದೆಯೆಂದು ಹೇಳುತ್ತಲೇ ಇರುತ್ತದೆ.

ಪಾಠ ಉದ್ದವಾದರೆ ಇನ್ನೊಂದು ತೊಡಕು. ಈಥರ್ನೆಟ್ಟಿನ ಒಂದು ಫ್ರೇಮು ಸಾಮಾನ್ಯವಾಗಿ 1500 ಬೈಟ್ ಸರಕನ್ನು ಹೊರಬಲ್ಲುದು. ಒಳಗಿನ ಎರಡು ಲಕೋಟೆಗಳಿಗೆ 20, 20ರಂತೆ 40 ಕಳೆದರೆ ಉಳಿಯುವುದು 1460. ಎಡೆಯಿಲ್ಲದೆ ಕನ್ನಡದ ಸಂಕೇತಗಳನ್ನೇ ತುಂಬಿದರೆ 486 ಸಂಕೇತಗಳಿಗೆ 1458 ಬೈಟ್ ಆಗಿ, 487ನೆಯ ಸಂಕೇತದ ಎರಡು ಬೈಟ್ ಈ ಫ್ರೇಮಿನಲ್ಲೂ ಮೂರನೆಯದು ಮುಂದಿನ ಫ್ರೇಮಿನಲ್ಲೂ ಹೋಗುತ್ತವೆ. ಇದು ದೋಷವಲ್ಲ, ವ್ಯವಸ್ಥೆಯ ಸ್ವಭಾವ. ಬಂದ ತುಂಡನ್ನು ಆಗಿಂದಾಗ ತೋರಿಸಿಬಿಡುವ ಆತುರದ ಪ್ರೋಗ್ರಾಮು ಮಾತ್ರ ಅಲ್ಲಿ ಅಕ್ಷರವನ್ನು ಸೀಳುತ್ತದೆ. ಒಂದಕ್ಷರ ಒಂದು ಬೈಟ್ ಆಗಿರುವ ಇಂಗ್ಲಿಷಿನಲ್ಲಿ ಎಲ್ಲಿ ಕತ್ತರಿಸಿದರೂ ಅಕ್ಷರ ಸೀಳುವುದಿಲ್ಲ. ಆದುದರಿಂದ ಇಂಗ್ಲಿಷಿನಲ್ಲಿ ಎಷ್ಟು ಸಾವಿರ ಸಲ ಪರೀಕ್ಷಿಸಿದರೂ ಈ ದೋಷ ಕಾಣುವುದಿಲ್ಲ.

ತೋರಿಸುವ ಹಂತದ ತೊಡಕು ವ್ಯಾಕರಣಕ್ಕೆ ಇನ್ನೂ ಹತ್ತಿರವಾದುದು. ಗಣಕವು ಉಚ್ಚಾರಣೆಯ ಕ್ರಮದಲ್ಲಿ ರಕಾರವನ್ನು ಮೊದಲು, ಪಕಾರವನ್ನು ಆಮೇಲೆ ಇಟ್ಟುಕೊಂಡಿದೆ. ಬರೆಹದಲ್ಲಿ ಕನ್ನಡಿಗನು ‘ಪಿ’ಯನ್ನು ಮೊದಲು ಬರೆದು ರಕಾರವನ್ನು ಅರ್ಕಾವತ್ತಾಗಿ ಆಮೇಲೆ ಬರೆಯುತ್ತಾನೆ. ಇಂದಿನ ತೆಲುಗಿನಲ್ಲಿ ಹಾಗಿಲ್ಲ. ಅಲ್ಲಿ ರಕಾರವೇ ಮುಂದೆ ನಿಂತು ಇಕಾರವನ್ನೂ ತಾನೇ ಹೊತ್ತು, ಪಕಾರ ಒತ್ತಾಗಿ ಕೆಳಗೆ ಇಳಿಯುತ್ತದೆ. ಅಂದರೆ ತಂತಿಯ ಮೇಲೆ ಒಂದೊಂದು ಬಿಟ್ಟಿನಷ್ಟೇ ಭಿನ್ನವಾದ ಎರಡು ಹೆಸರುಗಳು ಫಲಕದ ಮೇಲೆ ಬೇರೆ ಬೇರೆ ನಿಯಮಗಳಿಂದ ರೂಪುಗೊಳ್ಳಬೇಕು. ತೆಲುಗಿಗೆಂದು ಬರೆದ ನಿಯಮವನ್ನು ಕನ್ನಡಕ್ಕೆ ಹಚ್ಚಿದರೆ ಅರ್ಕಾವತ್ತು ಹುಟ್ಟುವುದಿಲ್ಲ. ಯಾವ ನಿಯಮವೂ ಇಲ್ಲದಿದ್ದರೆ ಒತ್ತಕ್ಷರವೇ ಒಡೆದು ‘ಕುಂದುರ್‌ಪಿ’ ಆಗುತ್ತದೆ. ವಿದ್ಯಾರ್ಥಿಗಳು ಅಗ್ಗವೆಂದು ಬೋರ್ಡಿಗೆ ಜೋಡಿಸುವ ಎರಡು ಸಾಲಿನ, ಸಾಲಿಗೆ 16 ಮನೆಯ ಎಲ್‌ಸಿಡಿ ಫಲಕದ ಪಾಡಂತೂ ಇನ್ನೂ ಕಷ್ಟ. ಅದರಲ್ಲಿ ಬಳಸುವವನು ತಾನೇ ರೂಪಿಸಬಹುದಾದ ಚಿಹ್ನೆಗಳು ಒಟ್ಟಿಗೆ 8 ಮಾತ್ರ, ಒಂದೊಂದಕ್ಕೂ 5 ಅಡ್ಡ, 8 ಉದ್ದ ಚುಕ್ಕೆಗಳು. ಅರ್ಕಾವತ್ತು ಕೂತ ‘ರ್ಪಿ’ಯನ್ನು ಆ ಚುಕ್ಕೆಗಳಲ್ಲಿ ಬರೆಯಲು ಹೊರಟವರಿಗೆ ಸಾಧನವನ್ನು ಆರಿಸುವಾಗಲೇ ಭಾಷೆಯನ್ನು ಆರಿಸಿಬಿಟ್ಟಿದ್ದೇವೆಂಬುದು ತಿಳಿಯುತ್ತದೆ.

ಇಲ್ಲಿ ಎರಡು ಆಕ್ಷೇಪಗಳು ಬರಬಹುದು. ಈಥರ್ನೆಟ್ ಪರೀಕ್ಷೆ ಎಂದರೆ ತಂತಿಯ ಪರೀಕ್ಷೆ. ಅಕ್ಷರದ ವಿಚಾರ ಮೇಲಿನ ಹಂತದ್ದು. ಎರಡನ್ನೂ ಬೆರೆಸುವುದು ಶಾಸ್ತ್ರೀಯವಲ್ಲ ಎಂಬುದು ಎಂಜಿನಿಯರುಗಳ ಆಕ್ಷೇಪ. ಮೊದಲ ನಾಲ್ಕು ಹಂತಗಳ ಮಟ್ಟಿಗೆ ಈ ಮಾತು ನಿಜ. ದೀಪ ಹೊತ್ತುವುದಕ್ಕೂ ವಿಳಾಸ ಕೇಳುವುದಕ್ಕೂ ಕನ್ನಡ ಬೇಕಾಗಿಲ್ಲ. ಅಲ್ಲಿ ಕನ್ನಡವನ್ನು ತುರುಕುವುದು ಅಭಿಮಾನದ ಅತಿರೇಕವಾದೀತು. ಆದರೆ ಐದನೆಯ ಹಂತದಲ್ಲಿ ಯಾವುದಾದರೂ ಒಂದು ಪಾಠವನ್ನು ಕಳಿಸಲೇಬೇಕು. ಕಳಿಸುವುದು ಹೇಗೂ ಇರುವಾಗ, ಹೆಚ್ಚು ದೋಷಗಳನ್ನು ಬಯಲಿಗೆಳೆಯುವ ಪಾಠವನ್ನು ಕಳಿಸುವುದೇ ಒಳ್ಳೆಯ ಪರೀಕ್ಷೆಯ ಲಕ್ಷಣ. ಮೂರು ಬೈಟಿನ ಸಂಕೇತ, ಸಂಯುಕ್ತಾಕ್ಷರ, ಸಾಗುವ ಕ್ರಮವೇ ಬೇರೆ ಕಾಣುವ ಕ್ರಮವೇ ಬೇರೆ ಆಗಿರುವ ಬರೆಹ, ಇವೆಲ್ಲ ಇರುವ ಕನ್ನಡ ಇಂಗ್ಲಿಷಿಗಿಂತ ಕಠಿಣವಾದ ಒರೆಗಲ್ಲು. ಕನ್ನಡದಲ್ಲಿ ಗೆದ್ದ ಪ್ರೋಗ್ರಾಮು ಇಂಗ್ಲಿಷಿನಲ್ಲಿ ಗೆಲ್ಲುವುದು ಬಹುಮಟ್ಟಿಗೆ ಖಚಿತ. ಅದರ ವಿಪರ್ಯಯ ನಿಜವಲ್ಲ.

ಎರಡನೆಯ ಆಕ್ಷೇಪ ನಮ್ಮ ಕಡೆಯದೇ. ಬೈಟ್, ಫ್ರೇಮುಗಳ ಗೊಡವೆ ಕಾವ್ಯಾಭ್ಯಾಸಿಗೆ ಏಕೆ ಎಂದು ಕೆಲವರು ಕೇಳುತ್ತಾರೆ. ಇದಕ್ಕೆ ಉತ್ತರವಾಗಿ ಯೂನಿಕೋಡಿನ ಪಟ್ಟಿಯಲ್ಲೇ ಒಂದು ನಿದರ್ಶನ ಕುಳಿತಿದೆ. ಹಳಗನ್ನಡದ ‘ೞ’ಕಾರಕ್ಕೆ 3294ನೆಯ ಮನೆ ದೊರಕಿದೆ. ಆದರೆ ಆ ಮನೆಗೆ ಇಂಗ್ಲಿಷಿನಲ್ಲಿ ಬರೆದ ಹೆಸರು ‘ಕನ್ನಡ ಲೆಟರ್ ಎಫ್‌ಎ’. ರಳ ಎಂದು ನಾವು ಕರೆಯುವ, ಶಬ್ದಮಣಿದರ್ಪಣವು ಪ್ರಯೋಗಗಳನ್ನು ಎಣಿಸಿ ಎಣಿಸಿ ಕಾಪಾಡಿದ ಅಕ್ಷರಕ್ಕೆ ‘ಫ’ ಎಂಬ ಹೆಸರು! ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಯೂನಿಕೋಡಿನ ನಿಯಮವಾದುದರಿಂದ ತಪ್ಪು ಹಾಗೆಯೇ ಉಳಿದಿದೆ. ಪಕ್ಕದಲ್ಲಿ ತಿದ್ದುಪಡಿಯ ಹೆಸರೊಂದನ್ನು ಸೇರಿಸಲಾಗಿದೆ. ಹಳಗನ್ನಡ ಓದಿದ ಒಬ್ಬ ವಿದ್ಯಾರ್ಥಿ ಪಟ್ಟಿಯ ಮೇಲೆ ಒಮ್ಮೆ ಕಣ್ಣಾಡಿಸಿದ್ದರೆ ಹಿಡಿಯಬಹುದಾಗಿದ್ದ ತಪ್ಪದು. ಪರೀಕ್ಷೆಯ ಹೊತ್ತಿಗೆ ಬಲ್ಲವರು ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ. ಇದಕ್ಕೆ ಪ್ರತಿಯಾಗಿ, ಕೆ.ಪಿ. ರಾವ್ ಅವರಂತಹವರು ಕನ್ನಡದ ವರ್ಣವ್ಯವಸ್ಥೆಯನ್ನು ಬಲ್ಲವರಾಗಿ ಗಣಕದ ಮುಂದೆ ಕುಳಿತುದರಿಂದಲೇ ಉಚ್ಚಾರಣೆಯನ್ನು ಅನುಸರಿಸುವ ಕೀಲಿಮಣೆಯ ವಿನ್ಯಾಸ ಕನ್ನಡಕ್ಕೆ ದೊರಕಿತು. ಇಂದು ವಿದ್ಯಾರ್ಥಿಗಳು ‘ನುಡಿ’ಯಲ್ಲಿ ಬೆರಳಾಡಿಸುವಾಗ ಅದರ ಫಲವನ್ನು ಉಣ್ಣುತ್ತಿದ್ದಾರೆ.

ಹಾಗಾದರೆ ಮಾಡಬೇಕಾದುದೇನು? ಕನ್ನಡ ವಿಭಾಗಗಳು ತಮ್ಮ ವಿದ್ಯಾರ್ಥಿಗಳಿಂದ ಒಂದು ಪರೀಕ್ಷಾಪಾಠವನ್ನು ಕಟ್ಟಿಸಿ ಪ್ರಯೋಗಾಲಯಗಳ ಕೈಗೆ ಕೊಡಬೇಕು. ಅದು ಎರಡು ಭಾಗದ್ದಾಗಿರಲಿ: ಒಂದೇ ಫ್ರೇಮಿನಲ್ಲಿ ಹಿಡಿಸುವ ಒಂದು ಕಿರುಪಾಠ, ಅಕ್ಷರ ಸೀಳುವ ದೋಷವನ್ನು ಹಿಡಿಯಲು 1460 ಬೈಟನ್ನು ಮೀರುವ ಒಂದು ನೀಳಪಾಠ. ಕಿರುಪಾಠದಲ್ಲಿ ಎಲ್ಲ ಸ್ವರಗಳೂ ಅವುಗಳ ಚಿಹ್ನೆಗಳೂ ಬರಬೇಕು. ಅನುಸ್ವಾರ, ವಿಸರ್ಗ, ೦ಯಿಂದ ೯ರವರೆಗಿನ ಕನ್ನಡ ಅಂಕಿಗಳು ಬರಬೇಕು. ಅಂಕಿಗಳು ಏಕೆಂದರೆ, ಅನುಸ್ವಾರವೂ ಸೊನ್ನೆಯೂ, ಅರ್ಕಾವತ್ತೂ ಒಂಬತ್ತೂ ಕಣ್ಣಿಗೆ ಒಂದೇ ತೆರನಾಗಿ ಕಂಡು, ಬೆರಳಚ್ಚಿನಲ್ಲಿ ಒಂದರ ಬದಲು ಇನ್ನೊಂದು ನುಸುಳುವುದುಂಟು. ‘ಸ್ತ್ರೀ’ಯಂತಹ ಎರಡು ಒತ್ತಿನ ಅಕ್ಷರ ಬರಬೇಕು. ಹಳಗನ್ನಡವನ್ನು ಸಾಗಿಸಬೇಕಾದ ಸಾಧನಗಳಿಗಾಗಿ ಱ, ೞಗಳೂ ಇರಬೇಕು.

ಕಣ್ಣಿಗೆ ಕಾಣದ ಸಂಕೇತಗಳನ್ನೂ ಮರೆಯಬಾರದು. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜಕಾರದ ಕೆಳಗೆ ಕಕಾರ ಒತ್ತಾಗದಂತೆ ತಡೆಯುವುದು ಒಂದು ಅದೃಶ್ಯ ಸಂಕೇತ. ‘ರ‍್ಯಾಂಕ್’ ಎಂದು ಬರೆಯುವಾಗ ರಕಾರವು ಅರ್ಕಾವತ್ತಾಗದಂತೆ ತಡೆಯುವುದು ಇನ್ನೊಂದು. ಎರಡಕ್ಕೂ ಮೂರು ಮೂರು ಬೈಟ್. ಬೆಳಗಾವಿಯ ಕಡೆ ಎರಡೂ ಭಾಷೆಗಳಲ್ಲಿ ಓದಿದವರಿಗೆ ಇದರ ಮಹತ್ತ್ವ ಬೇಗ ತಿಳಿಯುತ್ತದೆ. ಮರಾಠಿಯಲ್ಲಿ ‘ದರ್ಯಾ’ ಎಂದರೆ ಸಮುದ್ರ, ‘ದರ‍್ಯಾ’ ಎಂದರೆ ಕಣಿವೆಗಳು. ರಕಾರ ನಿಲ್ಲುವ ರೀತಿ ಬದಲಾದರೆ ಅರ್ಥವೇ ಬದಲಾಗುತ್ತದೆ. ಕಾಣದ ಸಂಕೇತ ಕಸವೆಂದು ಪ್ರೋಗ್ರಾಮೊಂದು ಗುಡಿಸಿಹಾಕಿದರೆ ಕಣಿವೆಯಿದ್ದಲ್ಲಿ ಸಮುದ್ರ ಬಂದೀತು.

ಹೋಲಿಕೆಯ ವಿಷಯದಲ್ಲಿಯೂ ಒಂದು ಎಚ್ಚರ ಅಗತ್ಯ. ‘ಕೋ’ ಎಂಬುದನ್ನು ಕಕಾರ ಮತ್ತು ಓಕಾರದ ಚಿಹ್ನೆ ಎಂದು ಎರಡು ಸಂಕೇತಗಳಲ್ಲಿ, 6 ಬೈಟ್‌ಗಳಲ್ಲಿ ಬರೆಯಬಹುದು. ಎಕಾರದ ಚಿಹ್ನೆ, ಊಕಾರದ ಚಿಹ್ನೆ, ದೀರ್ಘದ ಚಿಹ್ನೆಗಳನ್ನು ಬಿಡಿಬಿಡಿಯಾಗಿ ಇಟ್ಟು ನಾಲ್ಕು ಸಂಕೇತಗಳಲ್ಲಿ, 12 ಬೈಟ್‌ಗಳಲ್ಲಿಯೂ ಬರೆಯಬಹುದು. ಎರಡೂ ಸಿಂಧುವೆಂದು ಯೂನಿಕೋಡ್ ಒಪ್ಪುತ್ತದೆ. ಎರಡೂ ಒಂದೇ ಆಗಿ ಕಾಣುತ್ತವೆ. ಯಂತ್ರದ ಹೋಲಿಕೆಯಲ್ಲಿ ಮಾತ್ರ ಅವು ಬೇರೆ. ಗ್ರಂಥಸಂಪಾದಕನ ಮಾತಿನಲ್ಲಿ ಹೇಳುವುದಾದರೆ ಇದು ಪಾಠಾಂತರವಲ್ಲ, ಲೇಖನಭೇದ. ಈ ಎರಡನ್ನೂ ಬೇರ್ಪಡಿಸಬಲ್ಲ ಕಣ್ಣು ತರಬೇತಿಯಿಂದ ಬರುತ್ತದೆ, ಆ ತರಬೇತಿ ನಡೆಯುತ್ತಿರುವುದು ಕನ್ನಡದ ತರಗತಿಯಲ್ಲಿ.

ಇದಕ್ಕಾಗಿ ಕನ್ನಡದ ವಿದ್ಯಾರ್ಥಿ ಎಂಜಿನಿಯರ್ ಆಗಬೇಕಿಲ್ಲ. ಈಥರ್ನೆಟ್ಟಿಗೆ ಸಂಸ್ಕೃತದ ಹೊಸ ಹೆಸರು ಹುಡುಕುತ್ತ ಕೂರಬೇಕಾದುದೂ ಇಲ್ಲ. ಈಥರ್ನೆಟ್ ಈಥರ್ನೆಟ್ಟಾಗಿಯೇ ಇರಲಿ. ಬೋರ್ಡು ಪರೀಕ್ಷಿಸುತ್ತಿರುವ ಗೆಳೆಯನ ಪಕ್ಕದಲ್ಲಿ ಕುಳಿತು, ‘ಇಂಗ್ಲಿಷಿನದು ಬಂದಿತಲ್ಲ, ಇನ್ನು ಇದನ್ನು ಕಳಿಸು’ ಎಂದು ಒಂದು ಸಾಲನ್ನು ಕೊಡುವಷ್ಟು, ಫಲಕದ ಮೇಲೆ ಬಂದುದರಲ್ಲಿ ತಪ್ಪು ಎಲ್ಲಿದೆ, ಅದು ಯಾವ ಬಗೆಯ ತಪ್ಪು ಎಂದು ಹೇಳುವಷ್ಟು ಸಾಮರ್ಥ್ಯ ಅವನಲ್ಲಿ ಈಗಲೇ ಇದೆ. ಯಾವ ಪಾಠವೂ ಸಿದ್ಧವಿಲ್ಲದಿದ್ದರೆ ಕುಂದುರ್ಪಿ ಎಂದು ಕಳಿಸಲಿ. ಆ ಹೆಸರಿನಲ್ಲಿ ಗುಣಿತಾಕ್ಷರವಿದೆ, ಅನುಸ್ವಾರವಿದೆ, ಅರ್ಕಾವತ್ತಿದೆ. 27 ಬೈಟ್‌ಗಳೂ ತಲುಪಿ, ‘ಪಿ’ಯ ಮುಂದೆ ಅರ್ಕಾವತ್ತು ತನ್ನ ಸ್ಥಾನದಲ್ಲಿ ಕುಳಿತರೆ, ಆಗ ಬೋರ್ಡು ಉತ್ತೀರ್ಣವಾಯಿತೆಂದು ಬರೆದುಕೊಳ್ಳಬಹುದು. ಮಳೆಯ ಸೂಚನೆಗಾಗಿ ಫಲಕವನ್ನು ನೋಡುವ ಗಡಿನಾಡಿನ ರೈತನಿಗೆ ತನ್ನ ಊರಿನ ಹೆಸರು ತನ್ನ ಲಿಪಿಯಲ್ಲಿ ಪೂರ್ತಿಯಾಗಿ ಕಾಣಿಸುವುದು ಆಗ ಮಾತ್ರ.